ಯಾರ ಮನೆಯ ಅನ್ನ?

ವಾರಾನ್ನ ಉಂಡು ಓದಿದ ಹಿರಿಯರ ಕಥೆಗಳನ್ನು ನಾವೆಲ್ಲ ಕೇಳಿದವರೇ. ದಿನಕ್ಕೊಂದು ಮನೆ, ವಾರಕ್ಕೆ ಏಳು ಮನೆ. ಅಲ್ಲಿ ಮಮತೆ ಇತ್ತು, ನಿಜ. ಆದ್ರೆ ಆ ಬಾಗಿಲು ತೆರೆಯುತ್ತಿದ್ದದ್ದು ಹೆಚ್ಚಾಗಿ ಸ್ವಜಾತಿಯವರಿಗೇ. ಉಂಡವನು ಋಣ ಹೊತ್ತೇ ಏಳಬೇಕಿತ್ತು.

2013-14ರಲ್ಲಿ ಶುರುವಾದ ವಿದ್ಯಾಸಿರಿ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳು ಕೊಡತೊಡಗಿತು. ಅದರ ಅರ್ಜಿಯೂ ಜಾತಿ ಕೇಳುತ್ತೆ. ಆದ್ರೆ ಹೊರಗಿಡೋಕಲ್ಲ, ಒಳಗೆ ಕರೆಯೋಕೆ. ಹಾಗಾಗಿ ಮಮತೆಯ ಮನೆಗಿಂತ ಮುಖವಿಲ್ಲದ ಅರ್ಜಿಯನ್ನೇ ನಾನು ಆರಿಸುತ್ತೇನೆ.

ಆದರೆ ಆದಾಯ ಪ್ರಮಾಣಪತ್ರ ಹಿಡಿದು ವಿಶ್ವವಿದ್ಯಾಲಯದ ಕಚೇರಿ ಕಿಟಕಿಗೆ ಬಂದ ಹುಡುಗಿಗೆ “ಮತ್ತೆ ಬಂದ್ಯಾ?” ಅಂದ್ರೆ, ಹಕ್ಕು ಅಲ್ಲೇ ಭಿಕ್ಷೆಯಾಗುತ್ತೆ. ಕಿಟಕಿಯಾಚೆ ಕೂತವರು ನೆನಪಿಡಬೇಕಾದ್ದು ಇಷ್ಟೇ: ಸ್ವಾಮಿ, ನೀವು ಬಡಿಸುತ್ತಿರೋದು ನಿಮ್ಮ ಮನೆಯ ಅನ್ನ ಅಲ್ಲ.