ಒಂದು ಅಕ್ಷರ, ಒಂದು ಚುಕ್ಕೆ

ಶ್ರಾವಣದ ಒಂದು ಭಾನುವಾರ ಅಕ್ಕನ ಮಗಳು ಮಳೆಯಲ್ಲಿ ಅರ್ಧ ನೆನೆದುಕೊಂಡೇ ಮನೆಗೆ ಬಂದಳು. ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು ಕಾಫಿಗೆ ಇಟ್ಟೆ. ಹಾಲು ಉಕ್ಕುವುದರೊಳಗೆ ಅವಳು ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಚಿಕ್ಕಮ್ಮ, ನಿನ್ನ ಹತ್ತಿರ ಅಡವಿಡುವಂಥ ಬಂಗಾರ ಏನಾದರೂ ಇದೆಯಾ?" ಎಂದಳು.

ಈ ಹುಡುಗಿ ಯಾರ ಹತ್ತಿರವೂ ಕೈಚಾಚಿದವಳಲ್ಲ. ಮದುವೆಯಲ್ಲಿ ಕೂಡ ಇಂಥ ಸೀರೆಯೇ ಬೇಕು ಎಂದು ಕೇಳಲಿಲ್ಲ. ಯಾರಿಗಾದರೂ ಆಸ್ಪತ್ರೆಯೋ, ಗಂಡನಿಗೆ ಸಾಲವೋ ಎಂದು ನನ್ನ ಎದೆ ಹೊಡೆದುಕೊಂಡಿತು. ಅದೇನೂ ಅಲ್ಲ. ಅವಳಿಗೆ ಡಾಕ್ಟರೇಟ್ ಬೇಕಿತ್ತು.

ಅವಳು ಎಂ.ಕಾಂ. ಓದಿ ಖಾಸಗಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷದಿಂದ ಬಿ.ಕಾಂ., ಬಿಬಿಎ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ಸಂಬಳ ಕೇಳಿದರೆ ನಮ್ಮ ಶಾಲೆಯ ಜವಾನನೂ ಮರುಗುತ್ತಾನೆ. ಎನ್‌ಇಟಿ ಪರೀಕ್ಷೆಯಲ್ಲಿ ಎರಡು ಸಲ ಕೆಲವೇ ಅಂಕಗಳಲ್ಲಿ ಹೋಯಿತು. ಈಗ ಕಾಲೇಜಿಗೆ ನ್ಯಾಕ್ ತಂಡ ಬರಲಿದೆ. ಹೆಸರಿನ ಹಿಂದೆ 'ಡಾ.' ಇರುವ ಅಧ್ಯಾಪಕರು ಎಷ್ಟು ಮಂದಿ ಎಂಬ ಕೋಷ್ಟಕ ತುಂಬಬೇಕಂತೆ. ಆಡಳಿತ ಮಂಡಳಿಯವರು ಗದರಿಸಲಿಲ್ಲ, ನಯವಾಗಿಯೇ ಹೇಳಿದರಂತೆ: ಎರಡು ವರ್ಷದೊಳಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ನೋಡೋಣ. 'ನೋಡೋಣ' ಎಂದರೆ ಏನೆಂದು ಖಾಸಗಿ ಕಾಲೇಜಿನಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಅವಳಿಗೆ ಒಂದು ಫೋನು ಬಂದಿದೆ. ವಿದೇಶದ ಯಾವುದೋ ಬಿಸಿನೆಸ್ ಸ್ಕೂಲಿನ ಡಿ.ಬಿ.ಎ., ಅಂದರೆ ವ್ಯವಹಾರ ಆಡಳಿತದಲ್ಲಿ ಡಾಕ್ಟರೇಟು. ಪೂರ್ತಿ ದೂರಶಿಕ್ಷಣ, ಒಂದು ದಿನವೂ ಎಲ್ಲಿಗೂ ಹೋಗಬೇಕಿಲ್ಲ. ಹದಿನೆಂಟು ತಿಂಗಳು, ಮೂರೂವರೆ ಲಕ್ಷ. ವಿಷಯವನ್ನೂ ಅವರೇ ಕೊಡುತ್ತಾರೆ. ಇನ್ನಷ್ಟು ಸೇರಿಸಿ ಕೊಟ್ಟರೆ ಪ್ರಬಂಧಕ್ಕೂ 'ನೆರವು' ಉಂಟು. ಆ ನೆರವು ಎಂಬ ಪದವನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆಯ ಮಳೆ ನೋಡಿದಳು.

ನಾನು ಬಿ.ಎ., ಬಿ.ಎಡ್. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಡಾಕ್ಟರೇಟಿನ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗೆಲ್ಲಿಂದ ಬಂತು? ಆದರೂ ಬಾಯಿಗೆ ಬಂದ ಮೊದಲ ಮಾತು, "ದೂರದಿಂದ ಮಾಡಿದ್ದು ಓದು ಹೇಗಾಗುತ್ತದೆ?" ಎಂಬುದು. ಅವಳು ತಕ್ಷಣ ಹಿಡಿದಳು: "ನಿನ್ನ ಬಿ.ಎ. ಎಲ್ಲಿಂದ ಬಂತು ಚಿಕ್ಕಮ್ಮ? ಅಂಚೆಯಣ್ಣನ ಚೀಲದಲ್ಲಿ ತಾನೇ?"

ಹೌದು. ನನ್ನ ಬಿ.ಎ. ಅಂಚೆಯಣ್ಣನ ಚೀಲದಲ್ಲೇ ಬಂತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಾನು ಪಿಯುಸಿ ಮುಗಿಸಿದಾಗ ಸಾಗರದಲ್ಲಿ ರೂಮು ಮಾಡಿಕೊಟ್ಟು ಓದಿಸುವಷ್ಟು ಅನುಕೂಲ ಅಪ್ಪನಿಗಿರಲಿಲ್ಲ. ದಿನಾ ಹೋಗಿ ಬರಲು ಮಳೆಗಾಲದಲ್ಲಿ ಬಸ್ಸಿರಲಿಲ್ಲ. ಹೀಗಾಗಿ ಕಂದು ಬಣ್ಣದ ಲಕೋಟೆಗಳೇ ನನ್ನ ಕಾಲೇಜು. ಹೊಳೆ ಉಕ್ಕಿದ ವಾರ ಅಂಚೆ ಬರುತ್ತಿರಲಿಲ್ಲ, ಆ ವಾರ ನನ್ನ ಕಾಲೇಜಿಗೂ ರಜೆ.

ಆ ಲಕೋಟೆಗಳಲ್ಲಿ ಒಂದನ್ನು ಮರೆಯಲಾರೆ. ಭೂಸುಧಾರಣೆಯ ಬಗ್ಗೆ ಒಂದು ಪ್ರಶ್ನೆಗೆ ಪಾಠದ ಪುಸ್ತಿಕೆಯಲ್ಲಿದ್ದುದನ್ನೇ ದುಂಡಗೆ ಬರೆದು ಕಳಿಸಿದ್ದೆ. 1974ರಲ್ಲಿ ಜಾರಿಗೆ ಬಂದ ಕಾಯ್ದೆ, ಉಳುವವನೇ ಹೊಲದೊಡೆಯ, ಭೂನ್ಯಾಯ ಮಂಡಳಿ, ಎಲ್ಲವೂ ಇತ್ತು. ಉತ್ತರ ಮರಳಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಎರಡು ಸಾಲು: 'ಇದು ಪುಸ್ತಕದ ಮಾತು. ನಿಮ್ಮ ಊರಿನಲ್ಲಿ ಎಷ್ಟು ಗೇಣಿದಾರರು ಒಡೆಯರಾದರು, ಕೇಳಿ ಬರೆಯಿರಿ.' ನಮ್ಮದು ಕಾಗೋಡು ಇರುವ ತಾಲ್ಲೂಕು. 1951ರ ಸತ್ಯಾಗ್ರಹದ ಮಣ್ಣು. ಆದರೂ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕೇಳುತ್ತಾ ಹೋದಾಗ ನಾಲ್ಕನೆಯ ಮನೆಯಲ್ಲಿ ತಿಳಿಯಿತು, ನಮ್ಮ ಮನೆಯ ಎರಡು ಎಕರೆ ಗದ್ದೆ ಹಾಗೆ ಹೋದದ್ದು ಎಂದು. ಅಪ್ಪ ಆ ಮಾತನ್ನು ಮನೆಯಲ್ಲಿ ಒಂದು ದಿನವೂ ಎತ್ತಿದವರಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅವರನ್ನು ಹೇಗೆ ನೋಡಬೇಕೆಂದು ತಿಳಿಯದೆ ತಟ್ಟೆ ನೋಡುತ್ತಾ ಉಂಡೆ. ಗೇಣಿದಾರನ ಮನೆಯ ಹುಡುಗಿ ನನ್ನ ಜೊತೆ ಏಳನೆಯ ತರಗತಿಯವರೆಗೆ ಓದಿದವಳು.

ಆ ಕೆಂಪು ಶಾಯಿಯ ಅಧ್ಯಾಪಕರು ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನನ್ನ ಬಿ.ಎ.ಯಲ್ಲಿ ಒಬ್ಬರು ಮೇಷ್ಟರಿದ್ದರು ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಆದ್ದರಿಂದ ದೂರಶಿಕ್ಷಣವನ್ನು ನಾನು ಹೀಗಳೆಯಲಾರೆ. ಲಂಡನ್ ವಿಶ್ವವಿದ್ಯಾಲಯ 1858ರಷ್ಟು ಹಿಂದೆಯೇ ಹೊರಗಿನವರಿಗೆ ಪರೀಕ್ಷೆ ತೆರೆದಿತ್ತು. ನೆಲ್ಸನ್ ಮಂಡೇಲಾ ಸೆರೆಮನೆಯಲ್ಲಿ ಕೂತೇ ಕಾನೂನು ಓದಿ 1989ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ಪದವಿ ಪಡೆದರು. ಅವರ ಓದನ್ನು ಕಡಿಮೆ ಎನ್ನುವ ಧೈರ್ಯ ಯಾರಿಗಿದೆ?

ಇಷ್ಟೆಲ್ಲ ಒಪ್ಪಿದ ಮೇಲೆ ಅವಳ ಮೊಬೈಲಿನಲ್ಲೇ ಇಬ್ಬರೂ ನಿಯಮಗಳನ್ನು ಹುಡುಕಿದೆವು. ಅಲ್ಲಿ ವಿಷಯ ಸ್ಪಷ್ಟವಾಗಿಯೇ ಇತ್ತು. ನಮ್ಮ ದೇಶದಲ್ಲಿ ದೂರಶಿಕ್ಷಣದ ಪಿಎಚ್.ಡಿ. ನಡೆಸಕೂಡದೆಂದು ಯುಜಿಸಿ 2009ರಲ್ಲೇ ಹೇಳಿದೆ, 2016ರಲ್ಲೂ 2022ರಲ್ಲೂ ಅದನ್ನೇ ಹೇಳಿದೆ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲವೆಂದು 2022ರ ಅಕ್ಟೋಬರಿನಲ್ಲಿ ಯುಜಿಸಿ, ಎಐಸಿಟಿಇ ಎರಡೂ ಸೇರಿ ಎಚ್ಚರಿಸಿವೆ. ಇನ್ನೊಂದು ತಮಾಷೆ ನೋಡಿ: 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಎನ್‌ಇಟಿ ಅಥವಾ ಸೆಟ್ ಸಾಕು, ಪಿಎಚ್.ಡಿ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಕಾನೂನು ಕೇಳದ ಅಕ್ಷರವನ್ನು ಕಾಲೇಜಿನ ಕೋಷ್ಟಕ ಕೇಳುತ್ತಿದೆ.

"ಫೋನಿನವರು ಇದು ಪಿಎಚ್.ಡಿ. ಅಲ್ಲ, ಡಿ.ಬಿ.ಎ. ಅಂತಾರೆ. ಆ ನಿಯಮ ಇದಕ್ಕೆ ತಗಲೋದಿಲ್ಲವಂತೆ" ಎಂದಳು. ಇರಬಹುದು. ಡಿ.ಬಿ.ಎ. ಎಂಬುದು ಕಾರಖಾನೆ, ಕಂಪನಿಗಳಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವರು ತಮ್ಮ ಕೆಲಸದೊಳಗಿನ ತೊಡಕೊಂದನ್ನು ಎತ್ತಿಕೊಂಡು ಶೋಧಿಸುವ ಪದವಿ. ಹೊರದೇಶಗಳಲ್ಲಿ ಅದನ್ನು ನಿಯತ್ತಿನಿಂದ ಮಾಡಿದವರೂ ಮಾಡಿಸಿದವರೂ ಇದ್ದಾರೆ. ಆದರೆ ಇವಳ ತೊಡಕು ಯಾವುದು ಎಂದು ಆ ಫೋನಿನಲ್ಲಿ ಯಾರೂ ಕೇಳಿರಲಿಲ್ಲ. ಕಾರ್ಡಿನ ಸಂಖ್ಯೆ ಕೇಳಿದ್ದರು.

ಆಮೇಲೆ ಅವಳು ಆಡಿದ ಮಾತಿಗೆ ನನ್ನಲ್ಲಿ ಉತ್ತರ ಸಿಗಲಿಲ್ಲ. ಅದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. "ನಾನು ಯಾರಿಗೆ ಮೋಸ ಮಾಡಿದ ಹಾಗಾಯಿತು ಹೇಳು? ಮಕ್ಕಳಿಗಾ? ನಿನ್ನೆ ಹೇಳಿದ ಡೆಬಿಟ್ಟು ಕ್ರೆಡಿಟ್ಟನ್ನೇ ನಾಳೆಯೂ ಹೇಳ್ತೀನಿ, ಇಷ್ಟೇ ಚೆನ್ನಾಗಿ. ಕಾಲೇಜಿಗಾ? ಅವರಿಗೆ ಬೇಕಾದ್ದು ಓದಲ್ಲ, ಕೋಷ್ಟಕ. ನಮ್ಮ ಸ್ಟಾಫ್ ರೂಮಿನಲ್ಲಿ ಹೀಗೇ ತಂದುಕೊಂಡವರು ಬಡ್ತಿ ತಗೊಂಡು ಫ್ಯಾನಿನ ಕೆಳಗೆ ಕೂತಿದಾರೆ. ನಾನು ಹನ್ನೊಂದು ವರ್ಷ ನಿಯತ್ತಾಗಿದ್ದೆ. ನಿಯತ್ತಿಗೆ ಯಾವ ಕಾಲಂ ಇದೆ?"

ಅರೆಕಾಲಿಕ ಪಿಎಚ್.ಡಿ. ಸಾಧ್ಯವಿದೆಯಲ್ಲ ಎಂದೆ. ಪ್ರವೇಶ ಪರೀಕ್ಷೆ, ಸಂದರ್ಶನ, ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ, ಹನ್ನೆರಡು ಕ್ರೆಡಿಟ್ಟಿನ ಕೋರ್ಸ್‌ವರ್ಕ್, ಕನಿಷ್ಠ ಮೂರು ವರ್ಷ. ಹೆಂಗಸರಿಗೆ ವಿನಾಯಿತಿಯೆಲ್ಲ ಸೇರಿ ಹತ್ತು ವರ್ಷದವರೆಗೂ ಎಳೆಯಬಹುದು. ಪ್ರೊಫೆಸರಿಗೆ ಎಂಟೇ ಮಂದಿ ವಿದ್ಯಾರ್ಥಿಗಳು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕೇ ಎಂಬ ಮಿತಿ. ಗೈಡು ಸಿಗುವುದೇ ಒಂದು ತಪಸ್ಸು. ಇವಳಿಗೆ ಆರು ವರ್ಷದ ಮಗ, ಮಂಡಿನೋವಿನ ಅತ್ತೆ, ವಾರಕ್ಕೆ ಇಪ್ಪತ್ತೆರಡು ತರಗತಿ. ನೇರ ದಾರಿಯನ್ನು ಇಷ್ಟು ಕಡಿದು ಮಾಡಿಟ್ಟು, ಅಡ್ಡದಾರಿ ಹಿಡಿದವಳನ್ನು ಮಾತ್ರ ಬೈಯುವುದು ನನಗೆ ಸರಿಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಆಗ ನನಗೆ ಬೇರೆ ದಾರಿ ತೋಚದೆ ಹದಿನೈದು ವರ್ಷದಿಂದ ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ.

ನಮ್ಮ ಶಿಕ್ಷಕರ ತರಬೇತಿಗಳಲ್ಲಿ 'ಕ್ರಿಯಾ ಸಂಶೋಧನೆ' ಎಂದು ಒಂದಿದೆ. ತರಗತಿಯಲ್ಲಿ ಕಾಣುವ ಯಾವುದಾದರೂ ಸಮಸ್ಯೆ ಆರಿಸಿಕೊಂಡು, ಕಾರಣ ಹುಡುಕಿ, ಪರಿಹಾರ ಪ್ರಯೋಗಿಸಿ ವರದಿ ಬರೆಯಬೇಕು. ಆ ವರ್ಷ ಜನಗಣತಿ, ಪರೀಕ್ಷೆ, ಅಮ್ಮನ ಕಾಯಿಲೆ ಎಲ್ಲ ಒಟ್ಟಿಗೆ ಬಂದಿದ್ದವು. ಬೇರೆ ಶಾಲೆಯ ಗೆಳತಿಯ ಹಳೆಯ ವರದಿ ತಂದೆ. ಭೂಪಟ ಓದುವಲ್ಲಿ ಮಕ್ಕಳಿಗೆ ಆಗುವ ತೊಂದರೆ ಎಂಬ ವಿಷಯ. ಶಾಲೆಯ ಹೆಸರು ಬದಲಿಸಿದೆ, ನನ್ನ ಹೆಸರು ಹಾಕಿದೆ, ಒಂದೇ ರಾತ್ರಿಯಲ್ಲಿ ಕೈಬರಹದಲ್ಲಿ ಇಳಿಸಿದೆ. ಈಗ ಪ್ರಬಂಧಗಳಲ್ಲಿ ನಕಲು ಪತ್ತೆ ಮಾಡುವ ತಂತ್ರಾಂಶವಿದೆ. 2018ರ ಯುಜಿಸಿ ನಿಯಮದಂತೆ ಹತ್ತು ಶೇಕಡದವರೆಗೆ ಮಾಫಿ. ನನ್ನದನ್ನು ಹಾಕಿದ್ದರೆ ಯಂತ್ರವೇ ನಾಚುತ್ತಿತ್ತು. ವರದಿಗೆ 'ಉತ್ತಮ' ಎಂಬ ಷರಾ ಬಂತು.

ವಾರದ ಮೇಲೆ ಕಡತ ತಿರುವುವಾಗ ಕಂಡಿತು: ನನ್ನ ತರಗತಿಯಲ್ಲಿದ್ದದ್ದು 31 ಮಕ್ಕಳು, ವರದಿಯ ಕೋಷ್ಟಕದಲ್ಲಿದ್ದದ್ದು 42. ಹೆಸರು ಬದಲಿಸಿದವಳು ಲೆಕ್ಕ ಬದಲಿಸಲು ಮರೆತಿದ್ದೆ. ಆ ಹನ್ನೊಂದು ಮಕ್ಕಳು ಎಲ್ಲಿಂದ ಬಂದರೆಂದು ಯಾರೂ ಕೇಳಲಿಲ್ಲ. ಮುಂದಿನ ಸೋಮವಾರ ತರಗತಿಯಲ್ಲಿ ಒಬ್ಬ ಹುಡುಗ ಭೂಪಟದ ಮುಂದೆ ನಿಂತು ಶರಾವತಿಯನ್ನು ಪೂರ್ವಕ್ಕೆ ಹರಿಸಿದ. ಬೆತ್ತವಿಲ್ಲದ ಕಾಲ, ಕಣ್ಣಲ್ಲೇ ಗದರಿಸಹೋದೆ. ಆದರೆ ಕಾಗದದ ಮೇಲೆ ನಾನು ಈ ಹುಡುಗನ ತೊಂದರೆಯನ್ನು ಆಗಲೇ ಪರಿಹರಿಸಿಬಿಟ್ಟಿದ್ದೆ. ಅವನಿಗೆ ಯಾಕೆ ತಿಳಿಯುತ್ತಿಲ್ಲವೆಂದು ನಿಜವಾಗಿ ಕೇಳಿಕೊಳ್ಳುವ ಹಕ್ಕು ಆ ವರ್ಷದ ಮಟ್ಟಿಗೆ ನನಗಿಲ್ಲ ಎನಿಸಿತು. ಕೇಳಿಕೊಳ್ಳಲೂ ಇಲ್ಲ.

ಅವಳು ಸುಮ್ಮನೆ ಕೇಳಿಸಿಕೊಂಡಳು. "ನಿನಗೆ ಸಿಕ್ಕಿಬಿದ್ದೆ ಅಂತ ಹೆದರಿಕೆ ಆಯಿತಾ?" ಎಂದು ಕೇಳಿದಳು.

"ಇಲ್ಲ. ಯಾರೂ ಓದಲಿಲ್ಲವಲ್ಲ ಅಂತ ಬೇಜಾರಾಯಿತು" ಎಂದೆ. ನನಗೇ ಆಶ್ಚರ್ಯವಾಗುವ ಹಾಗೆ ಆ ಮಾತು ಬಂತು. ಕದ್ದು ಬರೆದವಳಿಗೂ ಓದುವವರು ಬೇಕಿತ್ತು!

ಸಂಜೆ ಮಳೆ ಬಿಡಲಿಲ್ಲ, ಅವಳು ಉಳಿದಳು. ಊಟವಾದ ಮೇಲೆ ಶೋಧಗಂಗಾ ತೆರೆದು ತೋರಿಸಿದಳು. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಜಾಲತಾಣ. ವಾಣಿಜ್ಯದಲ್ಲಿ ಸ್ವಸಹಾಯ ಸಂಘಗಳ ಮೇಲೆ ಎಷ್ಟೊಂದು ಪ್ರಬಂಧಗಳು! ಕೆಲವನ್ನು ನೋಡಿದರೆ ಜಿಲ್ಲೆಯ ಹೆಸರು ಮಾತ್ರ ಬೇರೆ, ನನ್ನ ಹಾಗೆಯೇ. ಕೆಲವು ಮಾತ್ರ ಮೊದಲ ಪುಟದಲ್ಲೇ ಹಿಡಿದು ಕೂರಿಸಿದವು.

"ನಿನಗೆ ಬಿಟ್ಟರೆ ಏನು ಕೇಳ್ತೀಯ?" ಎಂದೆ.

ಅವಳ ಗಂಡನ ಮನೆಯಲ್ಲಿ ಅಡಿಕೆ ತೋಟವಿದೆ. ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೆ ಸುಲಿಯುತ್ತಾರೆ. ಕೂಲಿ ಡಬ್ಬದ ಲೆಕ್ಕದಲ್ಲಿ. ಮಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಅದೇ ಹೊತ್ತಿಗೆ ಒಬ್ಬಾಕೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕುತ್ತಾಳಂತೆ. ವಾರದ ಕೊನೆಗೆ ಎರಡೂ ಲೆಕ್ಕ ತಾಳೆಯಾಗುತ್ತವೆ. ಆಗದಿದ್ದರೆ ಗೋಡೆಯದೇ ಗೆಲ್ಲುತ್ತದೆ. "ಯಾಕೆ ಗೋಡೆ ಗೆಲ್ಲುತ್ತೆ ಅಂತ ನಾನು ಮದುವೆಯಾದ ವರ್ಷದಿಂದ ಯೋಚಿಸ್ತಿದೀನಿ. ಈಗ ಸುಲಿಯೋ ಯಂತ್ರ ಬಂದಿದೆ. ಯಂತ್ರ ಬಂದ ಮನೆಗಳಲ್ಲಿ ಗೀಟು ಹಾಕೋರು ಯಾರು?" ಎಂದಳು. ಹನ್ನೊಂದು ಗಂಟೆ ರಾತ್ರಿಗೆ ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ವಾಣಿಜ್ಯದ ಬಗ್ಗೆ ನನಗಿದ್ದ ತಾತ್ಸಾರವೂ ಅಂದೇ ಸ್ವಲ್ಪ ಸಡಿಲಾಯಿತು.

ಬೆಳಿಗ್ಗೆ ಅಮ್ಮ ಕೊಟ್ಟ ಎರಡು ಬಳೆಗಳನ್ನು ಅವಳ ಕೈಗಿಟ್ಟೆ. ಯಾವುದಕ್ಕೆಂದು ಷರತ್ತು ಹಾಕಲಿಲ್ಲ. ಕೋರ್ಸ್‌ವರ್ಕಿಗೆ ಸಂಬಳವಿಲ್ಲದ ರಜೆ ಹಾಕಿದರೆ ಆರು ತಿಂಗಳ ಮನೆಖರ್ಚಿಗೆ ಇಷ್ಟು ಬರುತ್ತದೆ ಎಂದು ಮಾತ್ರ ಲೆಕ್ಕ ಹೇಳಿದೆ. ಅವಳು ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಒಂದು ತಿಂಗಳು ಸುದ್ದಿಯಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಬಳೆಯ ಬಗ್ಗೆ ಕೇಳಿದಂತಾಗುತ್ತದೆಂಬ ಮುಜುಗರ.

ಮೊನ್ನೆ ಅಂಚೆಯಲ್ಲಿ ಒಂದು ಕಂದು ಲಕೋಟೆ ಬಂತು. ಮೊಬೈಲಿನಲ್ಲಿ ಕಳಿಸಬಹುದಿತ್ತು, ಬೇಕೆಂದೇ ಅಂಚೆಗೆ ಹಾಕಿದ್ದಾಳೆ. ಒಳಗೆ ನಾಲ್ಕು ಪುಟ, ಪ್ರವೇಶ ಸಂದರ್ಶನಕ್ಕೆ ಕೊಡಬೇಕಾದ ಸಂಶೋಧನಾ ಪ್ರಸ್ತಾವ. ಬಳೆಗಳು ಎಲ್ಲಿವೆಯೆಂದು ಅದರಲ್ಲಿರಲಿಲ್ಲ. ಕೆಂಪು ಪೆನ್ನು ಹಿಡಿದು ಕೂತೆ. ವಾಣಿಜ್ಯ ನನಗೆ ತಿಳಿಯದು, ವಾಕ್ಯ ತಿಳಿಯುತ್ತದೆ. ಮೂರನೆಯ ಪುಟದಲ್ಲಿ ಒಂದು ಪ್ಯಾರಾ ವಿಪರೀತ ನುಣುಪಾಗಿತ್ತು, ಗ್ರಾಮೀಣ ಮಹಿಳಾ ಸಬಲೀಕರಣದ ಬಹುಮುಖಿ ಆಯಾಮಗಳು ಎಂದೇನೋ. ಈಗ ಹೀಗೆ ಬರೆದುಕೊಡುವ ಯಂತ್ರಗಳಿಗೂ ಬರವಿಲ್ಲವಲ್ಲ. ಫೋನು ಮಾಡಿ, "ಇದು ನಿನ್ನ ವಾಕ್ಯವೇನೇ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರ್ ಕೂಗುವುದು ಕೇಳಿಸಿತು. ಆಮೇಲೆ, "ಹೊಡೆದುಹಾಕು ಚಿಕ್ಕಮ್ಮ. ಗೋಡೆ ಹತ್ತಿರ ಹೋಗಿ ಎಣಿಸಿ ಬರೀತೀನಿ" ಎಂದಳು.