ಏಳು ಲೀಟರಿನ ಜಂಗಮ

ಕಳೆದ ಮೂರು ತಿಂಗಳಿಂದ ರಾತ್ರಿ ಹನ್ನೊಂದರ ಮೇಲೆ ನನಗಿರುವ ಕೆಲಸ ಒಂದೇ, ಖಾಲಿ ಡಬ್ಬಿ ಆರಿಸುವುದು. ಗೇಮಿಂಗ್ ಪಿಸಿಯ ಕೇಸು. ನಮ್ಮ ಕಾಲದಲ್ಲಿ ಕ್ಯಾಬಿನೆಟ್ ಅನ್ನುತ್ತಿದ್ದೆವು. ಬೆನ್ನಿನ ಚೀಲದಲ್ಲಿ ಹಿಡಿಸಬೇಕು, ಪುಣೆಯಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಬರಬೇಕು, ಊರಿನ ಮನೆಯ ಮೇಲಿನ ಕೋಣೆಯಲ್ಲಿ ಐದು ನಿಮಿಷಕ್ಕೆ ಶುರುವಾಗಬೇಕು. ಇಷ್ಟೇ ಬೇಡಿಕೆ.

ಈ ಹವ್ಯಾಸದವರು ಕೇಸಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಫೋನಿನಲ್ಲಿ ಅವ್ವನಿಗೆ ‘ಏಳು ಲೀಟರಿಂದು ಒಂದು ನೋಡೀನಿ’ ಅಂದಾಗ, ‘ಹಾಲಿನ ಕ್ಯಾನೇನೋ?’ ಅಂದಳು. ಡ್ಯಾನ್ ಎ4 ಎಂಬುದು 7.2 ಲೀಟರ್. ಫ್ರ್ಯಾಕ್ಟಲ್ ಟೆರಾ ಹತ್ತರ ಮೇಲೆ ಚೂರು. ಕೂಲರ್ ಮಾಸ್ಟರಿನ ಎನ್‌ಆರ್200 ಹದಿನೆಂಟರ ಆಸುಪಾಸು. ಒಳಗೆ ಹೋಗುವ ಮದರ್‌ಬೋರ್ಡು ಎಲ್ಲದರಲ್ಲೂ ಒಂದೇ, 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್. ಮೆಮೊರಿಗೆ ಎರಡೇ ಕಿಂಡಿ, ಗ್ರಾಫಿಕ್ಸ್ ಕಾರ್ಡಿಗೆ ಒಂದೇ. ತೀರಾ ಚಿಕ್ಕ ಕೇಸುಗಳಲ್ಲಿ ಕಾರ್ಡು ಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಎರಡರ ನಡುವೆ ರೈಸರ್ ಎಂಬ ಪಟ್ಟಿಯಂಥ ಕೇಬಲ್ಲು. ವಿದ್ಯುತ್ ಪೂರೈಸುವ ಡಬ್ಬಿಯೂ ಚಿಕ್ಕ ಜಾತಿಯದಾಗಬೇಕು, ಅಷ್ಟೇ ವಾಟಿಗೆ ದೊಡ್ಡದಕ್ಕಿಂತ ಹೆಚ್ಚು ದುಡ್ಡು. ಬಿಸಿ ಗಾಳಿಗೆ ಜಾಗವಿಲ್ಲದ ಕಾರಣ ಫ್ಯಾನು ಕೂಗುತ್ತದೆ. ಕೂಗು ತಗ್ಗಿಸಲು ಕಾರ್ಡಿನ ವೋಲ್ಟೇಜ್ ಇಳಿಸಿ ಕೂಡಬೇಕು. ಕಡಿಮೆ ಜಾಗಕ್ಕೆ ಹೆಚ್ಚು ಹಣ, ಹೆಚ್ಚು ತಲೆಬಿಸಿ. ಸರಳತೆ ಯಾವಾಗಿನಿಂದ ಇಷ್ಟು ತುಟ್ಟಿಯಾಯಿತೋ.

ಇದನ್ನೆಲ್ಲ ಹೆಂಡತಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ. ಅವಳು ಕೇಳಿಸಿಕೊಂಡು, ‘ಈ ಮನೀಗೆ ಬಂದು ಆರು ವರ್ಷ ಆತ್ರಿ. ಇನ್ನೂ ನಾಳೆ ಹೊರಡೋರ ಹಂಗ ಸಾಮಾನು ತೊಗೋತೀರಿ’ ಅಂದಳು.

ಮಾತು ನಾಟಿತು. ಚೆನ್ನೈ, ಹೈದರಾಬಾದ್, ಈಗ ಪುಣೆ. ಮೂರು ಊರಲ್ಲೂ ಬಿಚ್ಚಿ ಕಟ್ಟಬಹುದಾದ ಮಂಚ, ಮಡಚುವ ಮೇಜು, ಗೋಡೆಗೆ ಮೊಳೆ ಹೊಡೆಯದ ಗಡಿಯಾರ. ಇದಕ್ಕೆ ನನ್ನ ಬಳಿ ಒಂದು ಒಳ್ಳೆಯ ಸಮರ್ಥನೆಯೂ ಇತ್ತು. ಸ್ಥಾವರ, ಜಂಗಮ ಎಂಬ ಜೋಡಿಪದದ ಜೊತೆಗೆ ಬೆಳೆದವರು ನಾವು. ಜಂಗಮವೇ ಮೇಲು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಕಂಪನಿ ಬದಲಿಸುವಾಗ, ಬಾಡಿಗೆ ಮನೆ ಬಿಡುವಾಗ, ಆ ಪದ ನನ್ನ ಚಡಪಡಿಕೆಗೆ ಒಂದು ಗೌರವದ ಹೆಸರು ಕೊಡುತ್ತಿತ್ತು.

ಆದರೆ ನಮ್ಮ ಓಣಿಗೆ ಬರುತ್ತಿದ್ದ ಜಂಗಮರ ಹೆಗಲಲ್ಲಿ ಇದ್ದದ್ದು ಜೋಳಿಗೆ. ಬರುವಾಗ ಅದು ಖಾಲಿ. ಮನೆಯವರು ಬಾಗಿಲು ತೆರೆದು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರ ಚಲನೆ ನಿಂತಿದ್ದದ್ದೇ ಇನ್ನೊಬ್ಬರ ಮನೆಯ ಮೇಲೆ. ನನ್ನ ಚೀಲ ತುಂಬಿಯೇ ಹೊರಡುತ್ತದೆ. ಹೋದ ಮನೆಯಿಂದ ನನಗೆ ಏನೂ ಬೇಕಾಗಬಾರದು ಅನ್ನುವುದೇ ಅದರ ವಿನ್ಯಾಸ, ಒಂದು ಪ್ಲಗ್ ಪಾಯಿಂಟು ಬಿಟ್ಟು. ಇದನ್ನು ಜಂಗಮ ಅನ್ನಲು ನಾಲಿಗೆ ಬರುವುದಿಲ್ಲ. ಸ್ಥಾವರಕ್ಕೇ ಹಿಡಿಕೆ ಹಾಕಿಸಿದ ಹಾಗೆ.

ಹೋದ ದೀಪಾವಳಿಯಲ್ಲಿ ಲ್ಯಾಪ್‌ಟಾಪ್ ಒಯ್ದಿದ್ದೆ. ಸಂಜೆ ಅಪ್ಪ ಮೆಟ್ಟಿಲ ಕೆಳಗೆ ನಿಂತು, ‘ಹೊಲದ ಕಡೆ ಹೊಂಟೀನಿ, ಬರ್ತೀಯೇನು?’ ಅಂದರು. ನಾನು ‘ಹತ್ತು ನಿಮಿಷ’ ಅಂದೆ. ಆಫೀಸಿನ ಕೆಲಸವಾಗಿದ್ದರೂ ಕ್ಷಮೆಯಿತ್ತು, ಆಗ ನಾನು ಆಡುತ್ತಿದ್ದೆ. ಇಳಿದು ಬಂದಾಗ ಅವರ ಚಪ್ಪಲಿ ಇರಲಿಲ್ಲ. ಅವರೇನೂ ಬೇಸರಿಸಿಕೊಳ್ಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಶೇಂಗಾ ಹೇಗಿದೆ ಎಂದು ಅವರಾಗಿಯೇ ಹೇಳಿದರು. ಪ್ರೊಸೆಸರು, ಕಾರ್ಡು ಎಲ್ಲ ಇನ್ನೂ ಜೋರಾಗಿದ್ದರೆ ಆ ಹತ್ತು ನಿಮಿಷ ಎಷ್ಟಾಗುತ್ತಿತ್ತು?

ಹಾಗಂತ ಆಟವೇ ಅಪರಾಧ ಅನ್ನುವ ಪೈಕಿಯಲ್ಲ ನಾನು. ಹಾಸ್ಟೆಲ್ ದಿನ ನೆನಪಿದೆ. ಆಗಿನ ಟವರ್ ಕ್ಯಾಬಿನೆಟ್ಟು ನಲವತ್ತು ಲೀಟರಿಗೆ ಕಡಿಮೆಯಿರಲಿಲ್ಲ, ಸಿಆರ್‌ಟಿ ಮಾನಿಟರು ಅದಕ್ಕಿಂತ ಭಾರ. ಅದನ್ನು ಹೊತ್ತು ಎರಡು ಮಹಡಿ ಹತ್ತುತ್ತಿದ್ದೆವು, ಒಂದೇ ಕೋಣೆಯಲ್ಲಿ ಲ್ಯಾನ್ ಕೇಬಲ್ ಎಳೆದು ಕೌಂಟರ್ ಸ್ಟ್ರೈಕ್ ಆಡಲು. ಒಯ್ಯಲು ಆಗದಂಥ ಯಂತ್ರವನ್ನು ಒಯ್ಯುತ್ತಿದ್ದೆವು, ಯಾಕೆಂದರೆ ಆ ತುದಿಯಲ್ಲಿ ಜನ ಇದ್ದರು. ನನ್ನ ಮಗನದೂ ಒಂದು ವಾದವಿದೆ. ಹದಿನಾಲ್ಕರ ಹುಡುಗ. ಪಿಸಿ ಬಂದರೆ ತಾನೂ ರಜೆ ಮುಗಿಯುವ ತನಕ ಊರಲ್ಲಿರುತ್ತೇನೆ, ಇಲ್ಲದಿದ್ದರೆ ನಾಲ್ಕೇ ದಿನ ಅನ್ನುತ್ತಾನೆ. ಇದು ಬ್ಲ್ಯಾಕ್‌ಮೇಲ್, ನಿಜ. ಆದರೆ ಸುಳ್ಳಲ್ಲ.

ಹಾಗಾದರೆ ತಪ್ಪಿರುವುದು ಒಯ್ಯುವುದರಲ್ಲಲ್ಲ. ಒಯ್ದದ್ದನ್ನು ಎಲ್ಲಿ ಇಳಿಸುತ್ತೇವೆ, ಇಳಿಸಲು ಯಾರನ್ನಾದರೂ ಕೇಳಬೇಕಾಗುತ್ತದೆಯೇ ಅನ್ನುವುದರಲ್ಲಿದೆ. ಮೇಲಿನ ಕೋಣೆಯಲ್ಲಾದರೆ ಯಾರನ್ನೂ ಕೇಳಬೇಕಿಲ್ಲ. ಅದೇ ನನಗೆ ಇಷ್ಟವಾಗಿತ್ತು, ಒಪ್ಪಿಕೊಳ್ಳಬೇಕು.

ಕೊನೆಗೆ ಹದಿನೆಂಟು ಲೀಟರಿನದನ್ನೇ ತರಿಸಿದೆ. ಅಗ್ಗ, ತಣ್ಣಗಿರುತ್ತದೆ, ನನ್ನ ದಪ್ಪ ಬೆರಳು ಒಳಗೆ ಹೋಗುತ್ತದೆ. ಒಂದು ತಮಾಷೆ ಏನೆಂದರೆ, ವಿಮಾನದ ಕ್ಯಾಬಿನ್ ಬ್ಯಾಗಿನ ಅಳತೆಯಲ್ಲಿ ಇದು ಸಲೀಸಾಗಿ ಕೂರುತ್ತದೆ. ಆದರೆ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಬಿಡುವುದು 7 ಕೆಜಿ, ಈ ಕೇಸು ಖಾಲಿಯಿದ್ದಾಗಲೇ 5 ಕೆಜಿಯ ಹತ್ತಿರ. ಮೂರು ತಿಂಗಳು ಲೀಟರ್ ಎಣಿಸಿದವನಿಗೆ ಕಿಲೋ ಹೊಳೆದಿರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಅಂತೆ! ಬಸ್ಸಿನವರು ತೂಗುವುದಿಲ್ಲ, ಪುಣ್ಯ.

ಕಾರ್ಟಿನಲ್ಲಿ ಮಡಚಿ ಒಯ್ಯುವ ಹದಿನೈದು ಇಂಚಿನ ಮಾನಿಟರೂ ಇತ್ತು. ಅದನ್ನು ತೆಗೆದುಹಾಕಿದೆ. ಅವ್ವನಿಗೆ ಫೋನ್ ಮಾಡಿ, ಪಡಸಾಲೆಯ ಟಿವಿಯ ಹಿಂದೆ ಎಚ್‌ಡಿಎಂಐ ಕಿಂಡಿ ಖಾಲಿ ಇದೆಯೇ ನೋಡಲು ಹೇಳಿದೆ. ಅದು ಹೇಗಿರುತ್ತದೆ ಎಂದು ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಟಾರ್ಚ್ ಹಿಡಿದು ಅಪ್ಪನೂ ಬಂದಿದ್ದರಂತೆ.

‘ಒಂದು ಖಾಲಿ ಐತಿ’ ಅಂದಳು ಅವ್ವ. ‘ಆದ್ರ ಒಂಬತ್ತಕ್ಕ ನಿಮ್ಮಪ್ಪಗ ನ್ಯೂಸ್ ಬೇಕು. ಮೊದಲ ಹೇಳೀನಿ.’