ಕೈಗುಣವಲ್ಲ, ಕಾಯಕ



ಆದೋನಿ, ಎಮ್ಮಿಗನೂರು, ಆಲೂರು ಕಡೆಯ ನಮ್ಮ ಭಕ್ತರಲ್ಲಿ ಹಿತ್ತಲಿಲ್ಲದ ಪೇಟೆಮನೆಯವರೂ ಲಿಂಗಪೂಜೆಗೆಂದು ಮಾಳಿಗೆಯ ಮೇಲೆ ಕುಂಡವಿಟ್ಟು ಪತ್ರಿ, ಮಲ್ಲಿಗೆ, ದಾಸವಾಳ ಬೆಳೆಸಲು ನೋಡುತ್ತಾರೆ. ಬಹಳ ಸಂತೋಷ. ಆದರೆ ಎರಡು ಮೂರು ತಿಂಗಳಲ್ಲಿ ಗಿಡ ಒಣಗಿದರೆ, "ಅಪ್ಪಾ, ನಮ್ಮ ಕೈಗುಣವೇ ಸರಿಯಿಲ್ಲ" ಎಂದು ಪೂಜ್ಯರ ಮುಂದೆ ಕೈ ಚೆಲ್ಲುತ್ತಾರೆ. ಶಕುನ, ಮುಹೂರ್ತಗಳನ್ನೇ ಒಪ್ಪದ ಶರಣರ ಮಕ್ಕಳು ಕೈಗುಣವನ್ನು ನಂಬಬಹುದೇ? ಹೂಗಾರ ಮಾದಯ್ಯ ಶರಣರಿಗೆ ಹೂವು ಒಲಿದದ್ದು ಕಾಯಕದಿಂದ.

ಎಕರೆಗಟ್ಟಲೆ ಹತ್ತಿ ಬೆಳೆಯುವ ರೈತನ ಮನೆಯಲ್ಲೂ ಕುಂಡದ ಗಿಡ ಸಾಯುವುದೇಕೆ? ಹೊಲದ ಬೇರು ಆಳಕ್ಕಿಳಿದು ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಬೇರಿಗೆ ನಾವೇ ಗತಿ. ನಮ್ಮ ಎರೆಮಣ್ಣನ್ನು ಹಾಗೆಯೇ ತುಂಬಿದರೆ ನೆನೆದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇರಿಗೆ ಗಾಳಿಯಾಡದು. ಕೆಂಪುಮಣ್ಣು, ಹಳ್ಳದ ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಕುಂಡದ ತಳದಲ್ಲಿ ತೂತಿರಬೇಕು. ಬೆರಳನ್ನು ಮಣ್ಣಿಗಿಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ಬೆಳಿಗ್ಗೆ ನೀರು ಹಾಕಬೇಕು. ಪ್ರೀತಿಯಿಂದ ಮೇಲೆ ಮೇಲೆ ನೀರು ಸುರಿದು ಬೇರು ಕೊಳೆಸಿದವರೂ ಕಡಿಮೆಯಿಲ್ಲ.

ವ್ಯಾಪಾರಸ್ಥರಿಗೆ ಒಂದು ಮಾತು. ಅಡತಿ ಅಂಗಡಿಯ ಖಾತೆಯಲ್ಲಿ ಮುಂಗಡ ಜಮಾ ಮಾಡಬಹುದು. ಗಿಡದ ಖಾತೆಯಲ್ಲಿ ಏಳು ದಿನದ ನೀರನ್ನು ಒಂದೇ ದಿನ ಜಮಾ ಮಾಡಲು ಬರುವುದಿಲ್ಲ. ಇಷ್ಟಲಿಂಗ ಪೂಜೆಯೂ ಹಾಗೆಯೇ. ಜಾತ್ರೆಯ ದಿನ ಸಾವಿರ ರೂಪಾಯಿ ಕಾಣಿಕೆ ಕೊಟ್ಟರೆ ವರ್ಷದ ಪೂಜೆ ಸಂದಾಯವಾಗದು.

1953ರಲ್ಲಿ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ತೆಲುಗು ನಮಗೆ ಅನ್ನ ಕೊಡುವ ಭಾಷೆ, ಅದರ ಮೇಲೆ ಮುನಿಸಿಲ್ಲ. ಆದರೆ ನಮ್ಮ ಮಕ್ಕಳಿಗೆ ವಚನದ ಕನ್ನಡ ಈಗ ಹೊಲದ ಪೈರಲ್ಲ, ಕುಂಡದ ಗಿಡ. ಶಾಲೆ, ಪೇಟೆ ಅದಕ್ಕೆ ನೀರೆರೆಯುತ್ತವೆಂದು ಕಾದು ಕುಳಿತರೆ ಒಣಗುತ್ತದೆ. ಮನೆಯವರೇ ಎರೆಯಬೇಕು.

ಇನ್ನೊಂದು ಮುಖ್ಯ ಸಂಗತಿ. ಪತ್ರಿಗಿಡ ಬೇಸಿಗೆಯಲ್ಲಿ ಎಲೆ ಉದುರಿಸುವುದು ಅದರ ಸ್ವಭಾವ. ಅನುಭವವಿಲ್ಲದವರು ಸತ್ತಿತೆಂದು ತಿಳಿದು ಕಿತ್ತು ಬಿಸಾಡುತ್ತಾರೆ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ಬದುಕಿದೆ, ಕಾದರೆ ಚಿಗುರುತ್ತದೆ. ಓದಿಗೆ, ನೌಕರಿಗೆ ಹೈದರಾಬಾದು, ಬೆಂಗಳೂರು ಸೇರಿದ ಮಗ ಕೊರಳಿನ ಲಿಂಗ ತೆಗೆದಿಟ್ಟನೆಂದು, ಮಠಕ್ಕೆ ಬರುವುದಿಲ್ಲವೆಂದು ಎಷ್ಟೋ ತಂದೆಯರು ಮಾತು ಬಿಟ್ಟಿದ್ದಾರೆ. ತಂದೆಯರೇ, ಎಲೆ ಉದುರಿದ್ದನ್ನು ಕಂಡು ಬೇರು ಕೀಳಬೇಡಿ. ಬೈಗುಳವೂ ಬೇಡ, ದಿನವಿಡೀ ಉಪದೇಶವೂ ಬೇಡ. ಅತಿ ನೀರೂ ಬೇರಿಗೆ ಕೇಡೇ. ವಾರಕ್ಕೊಮ್ಮೆ ಫೋನು ಮಾಡಿ, "ಊಟ ಆಯಿತೇನಪ್ಪಾ" ಎಂದು ಕೇಳಿ. ಆ ಮಾತಿನಲ್ಲಿಯೇ ದಯೆಯಿದೆ, ದಯೆಯಲ್ಲಿಯೇ ನಮ್ಮ ಧರ್ಮವಿದೆ.

ಕೊನೆಯದಾಗಿ ದಾಸೋಹದ ಮಾತು. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳ ಬಡವರು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಅಂಥ ನೆರೆಮನೆಯ ಕುಂಡಕ್ಕೆ ಒಂದು ಚೊಂಬು ನೀರು ಹಾಕಿ. ಹಾಗೆಯೇ ಆ ಮಕ್ಕಳು ಉಂಡರೋ, ಶಾಲೆಗೆ ಹೋದರೋ ಎಂದು ವಿಚಾರಿಸಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರು ನೀರನ್ನೇ ಸೇವೆಯಾಗಿಸಿಕೊಂಡರು. ನಮ್ಮ ಪಾಲಿಗೆ ಬಂದದ್ದು ಒಂದು ಚೊಂಬು. ಅಷ್ಟನ್ನಾದರೂ ತಪ್ಪದೆ ನಡೆಸೋಣ.

ಎಲ್ಲರಿಗೂ ಗುರು ಬಸವಣ್ಣನವರು ಸನ್ಮಂಗಳವನ್ನುಂಟುಮಾಡಲಿ. ಶರಣು ಶರಣಾರ್ಥಿ.

— ಕಾರ್ಯದರ್ಶಿ, ಶ್ರೀಮಠ